ಅನ್ಬಾ ಬಿಸ್ನೂತಿಯ ಮೇಣದಬತ್ತಿ

ನಜಾ ಹಲ್ಫಾ ಊರಿನ ಅಂಚೆಯವನ ಹೆಸರು ಬಿಸ್ನೂತಿ. ಅಪ್ಪನ ಹೆಸರು ಬಿಸ್ನೂತಿ, ಅಜ್ಜನ ಹೆಸರೂ ಬಿಸ್ನೂತಿ. ಗುರುತಿನ ಚೀಟಿಯಲ್ಲಿ ಈ ಮೂರೂ ಸಾಲಾಗಿ ಬರಬೇಕಲ್ಲ, ಅದನ್ನು ನೋಡಿದ ಅಖ್ಮೀಮ್ ಪಟ್ಟಣದ ಗುಮಾಸ್ತನೊಬ್ಬ, "ಅಚ್ಚಿನ ಯಂತ್ರ ಸಿಕ್ಕಿಹಾಕಿಕೊಂಡಿತ್ತೇನಯ್ಯಾ?" ಎಂದು ಕೇಳಿ, ಪಕ್ಕದ ಮೇಜಿನವರನ್ನೆಲ್ಲ ಕರೆದು ತೋರಿಸಿದ್ದ.

ಊರಿನಲ್ಲಿ ಮಾತ್ರ ಇದು ಯಾರಿಗೂ ನಗುವ ವಿಷಯವಾಗಿರಲಿಲ್ಲ. ಅಲ್ಲಿ ಪ್ರತಿ ಕ್ರೈಸ್ತ ಮನೆಯ ಚೊಚ್ಚಲ ಗಂಡುಮಗು ಬಿಸ್ನೂತಿಯೇ. ಗುರುತಿಗೆಂದು ಮುಂದೊಂದು ಬಾಲಂಗೋಚಿ ಕಟ್ಟುತ್ತಿದ್ದರು. ಕ್ಷೌರದ ಬಿಸ್ನೂತಿ, ಕತ್ತೆ ಬಿಸ್ನೂತಿ, ಮೂಗು ಬಿಸ್ನೂತಿ, ಅಂಚೆ ಬಿಸ್ನೂತಿ. ಸತ್ತ ಬಿಸ್ನೂತಿ ಎಂಬುವನೂ ಇದ್ದ. ಬೇರೆ ಯಾರದೋ ಸಾವು ಅವನ ಹೆಸರಿಗೆ ದಾಖಲಾಗಿ ಪಿಂಚಣಿ ನಿಂತುಹೋಗಿತ್ತು. ಮುದುಕ ದಿನವೂ ಕಾಫಿ ಅಂಗಡಿಯ ಮುಂದೆ ಕೂತು, ಹೋಗಿಬರುವವರಿಗೆಲ್ಲ ಕೈಬೀಸಿ, ತಾನು ಬದುಕಿರುವುದನ್ನು ಸಾಬೀತು ಮಾಡುತ್ತಿದ್ದ.

ಇಂಥ ಊರಿನಲ್ಲಿ ಅಂಚೆ ಹಂಚುವುದೆಂದರೆ ಹುಡುಗಾಟವಲ್ಲ. ನಮ್ಮ ಬಿಸ್ನೂತಿ ಮೊದಲೇ ಪುಕ್ಕಲ, ಮೇಲಾಗಿ ನಿಯತ್ತಿನವನು. ಎರಡೂ ಸೇರಿ ಅವನಿಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕ್ಷೌರದ ಬಿಸ್ನೂತಿಗೆಂದು ಬಂದ ಹೆಣ್ಣಿನ ಫೋಟೋವನ್ನು ಅವನು ಕತ್ತೆ ಬಿಸ್ನೂತಿಯ ಕೈಗೆ ಕೊಟ್ಟುಬಿಟ್ಟಿದ್ದ. ಮದುವೆಯೂ ಆಗಿಹೋಯಿತು. ಈಗ ಅವರಿಗೆ ಮನೆತುಂಬ ಮಕ್ಕಳು. ಆದರೂ ಕ್ಷೌರದ ಬಿಸ್ನೂತಿ ಅಂಚೆಯವನಿಗೆ ಗಡ್ಡ ಹೆರೆಯುವಾಗ, ಕತ್ತಿಯನ್ನು ಗಂಟಲ ಹತ್ತಿರ ಒಂದು ಗಳಿಗೆ ಹೆಚ್ಚಿಗೆ ನಿಲ್ಲಿಸುತ್ತಿದ್ದ.

ಇದಕ್ಕೆಲ್ಲ ಮೂಲಕಾರಣ ಅನ್ಬಾ, ಅಂದರೆ ಪೂಜ್ಯ ತಂದೆ, ಬಿಸ್ನೂತಿ. ಸಾವಿರದ ಆರುನೂರು ವರ್ಷಗಳ ಹಿಂದೆ ಊರ ಹಿಂದಿನ ಗುಡ್ಡದ ಗವಿಯಲ್ಲಿದ್ದ ಸಂನ್ಯಾಸಿ. 'ನಾಲಿಗೆಯ ಬೀಗ' ಎಂಬ ಗ್ರಂಥ ಬರೆದವರು. ಮನುಷ್ಯ ಏಕೆ ಬಾಯಿ ಮುಚ್ಚಿಕೊಂಡಿರಬೇಕು ಎಂಬುದೇ ಅದರ ವಿಷಯ. ಅದರ ಹಾಳೆಗಳು ದೊಡ್ಡ ದೊಡ್ಡ ದೇಶಗಳ ಗಾಜಿನ ಪೆಟ್ಟಿಗೆಗಳಲ್ಲಿದ್ದವು. ಊರಿನಲ್ಲಿ ಅದನ್ನು ಓದಿದವರು ಯಾರೂ ಇರಲಿಲ್ಲ. ಅದರ ಬಗ್ಗೆ ಬೆಳಗಿನಿಂದ ಸಂಜೆಯವರೆಗೆ ಮಾತಾಡದವರೂ ಯಾರೂ ಇರಲಿಲ್ಲ. ಒಮ್ಮೆ ಪರದೇಶದ ಪಂಡಿತನೊಬ್ಬ ಮೌನಮುನಿಯ ಊರು ನೋಡಬೇಕೆಂದು ಬಂದವನು, ಮಾರನೆಯ ದಿನವೇ ಕಿವಿಗೆ ಹತ್ತಿ ತುರುಕಿಕೊಂಡು ರೈಲು ಹತ್ತಿದ.

ಅಂಚೆ ಬಿಸ್ನೂತಿಯ ಹೆಂಡತಿ ನಿವೀನ್ ಮಿನ್ಯಾ ಪಟ್ಟಣದವಳು. ನಿಶ್ಚಿತಾರ್ಥದ ದಿನ ಉಂಗುರಕ್ಕೆ ಬೆರಳು ಚಾಚುವ ಮೊದಲೇ ಅವಳು ಷರತ್ತು ಹಾಕಿದ್ದಳು.

"ನೋಡಿ, ನಿಮ್ಮ ಊರಿಗೆ ಬರ್ತೀನಿ. ನಿಮ್ಮಮ್ಮ ಮಾಡೋ ಬೆಂಡೆಕಾಯಿ ಸಾರನ್ನೂ ತಿಂತೀನಿ. ಆದ್ರೆ ನನ್ನ ಮಗ ನಾಲ್ಕನೇ ಬಿಸ್ನೂತಿ ಆಗ್ಬಾರದು. ಒಪ್ಪಿಗೆ ಇದ್ರೆ ಉಂಗುರ ಹಾಕಿ, ಇಲ್ದಿದ್ರೆ ಡಬ್ಬಿ ಮುಚ್ಚಿ."

ಬಿಸ್ನೂತಿ ಉಂಗುರ ಹಾಕಿದ. ಒಪ್ಪಿಗೆ ಅವಳಿಗಿಂತ ಅವನಿಗೇ ಹೆಚ್ಚಾಗಿತ್ತು. ಬೀದಿಯಲ್ಲಿ ಯಾರೋ ಕೂಗಿದರೆ ಓಗೊಟ್ಟು, "ನೀನಲ್ಲಪ್ಪಾ" ಎನ್ನಿಸಿಕೊಂಡು, ಪೆಚ್ಚಾಗಿ ಮುಂದೆ ಹೋಗುವುದು ಅವನ ಹುಟ್ಟಿನಿಂದಲೂ ನಡೆದುಬಂದಿತ್ತು. ತನ್ನ ಮಗನನ್ನು ಕರೆದರೆ ಅವನೊಬ್ಬನೇ ತಿರುಗಬೇಕು. ಬೇರೆ ಆಸೆಗಳನ್ನು ಅವನು ಇಟ್ಟುಕೊಂಡಿರಲಿಲ್ಲ.

ಆದರೆ ಹೆಸರಿಡುವುದು ಅಪ್ಪನ ಕೈಯಲ್ಲಿಲ್ಲ, ಅಮ್ಮನ ಕೈಯಲ್ಲೂ ಇಲ್ಲ. ಅದು ಮೇಣದಬತ್ತಿಯ ಕೈಯಲ್ಲಿದೆ. ಮಗು ಹುಟ್ಟಿದ ಏಳನೆಯ ದಿನ ಮೂರು ಹೆಸರಿಗೆ ಮೂರು ಬತ್ತಿ ಹಚ್ಚುತ್ತಾರೆ. ಯಾವುದು ಕೊನೆಯವರೆಗೆ ಉರಿಯುತ್ತದೋ ಆ ಹೆಸರು. ನಜಾ ಹಲ್ಫಾದಲ್ಲಿ ಮೂರರಲ್ಲಿ ಒಂದು ಯಾವಾಗಲೂ ಅನ್ಬಾ ಬಿಸ್ನೂತಿಯದು, ಮತ್ತು ಅದು ಒಮ್ಮೆಯೂ ಸೋತದ್ದಿಲ್ಲ. ಇದನ್ನು ಊರಿನವರು ಪವಾಡ ಎನ್ನುತ್ತಿದ್ದರು. ಬತ್ತಿ ಹಚ್ಚುವವಳು ಅಪ್ಪನ ಕಡೆಯ ಅಜ್ಜಿ ಎಂಬುದನ್ನು ಯಾರೂ ಪವಾಡಕ್ಕೆ ಸೇರಿಸುತ್ತಿರಲಿಲ್ಲ.

ಗಂಡುಮಗು ಹುಟ್ಟಿತು. ಅಜ್ಜಿ ಬಲ್ಸಮ್ ಮಾಳಿಗೆ ಹತ್ತಿ ನಾಲಿಗೆ ಹೊರಳಿಸಿ ಹಾಕಿದ ಸಂಭ್ರಮದ ಕೂಗು ಕಾಲುವೆಯ ಆಚೆ ದಡಕ್ಕೂ ಕೇಳಿಸಿತು. ಕೆಳಗೆ ಕೋಣೆಯಲ್ಲಿ ನಿವೀನ್ ಗಂಡನ ತೋಳು ಹಿಡಿದುಕೊಂಡಳು.

"ನೆನಪಿದೆ ತಾನೇ?"

"ಇದೆ ಕಣೇ."

"ನಾದಿರ್. ಈ ಊರಲ್ಲಿ ಒಬ್ಬನೂ ಇಲ್ಲ. ವಿಚಾರಿಸಿದ್ದೀನಿ."

"ಬತ್ತಿ ಒಪ್ಪಬೇಕಲ್ಲ..."

"ಬತ್ತಿ ತರೋರು ಯಾರು?"

"ನಾನು."

"ಮತ್ತೆ?" ಎಂದು ನಿವೀನ್ ಗೋಡೆಯ ಕಡೆ ಮಗ್ಗುಲಾದಳು. ಆ 'ಮತ್ತೆ'ಯನ್ನು ಜೇಬಿನಲ್ಲಿಟ್ಟುಕೊಂಡೇ ಬಿಸ್ನೂತಿ ಅಂದೇ ಅಂಗಡಿಗೆ ಹೋದ.

ಅವನು ಬತ್ತಿ ತಂದ. ಜೊತೆಗೆ ಗಡ್ಡದ ಬ್ಲೇಡೊಂದನ್ನೂ ತಂದ. ಅನ್ಬಾ ಬಿಸ್ನೂತಿಯ ಬತ್ತಿಯ ತಳವನ್ನು ಸೀಳಿ, ಒಳಗಿನ ದಾರವನ್ನು ಅರ್ಧಕ್ಕೆ ಕತ್ತರಿಸಿ, ಮತ್ತೆ ಮೇಣ ಸವರಿದರೆ ಯಾರಿಗೂ ಗೊತ್ತಾಗದು ಎಂದು ಲೆಕ್ಕ ಹಾಕಿದ್ದ. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಬ್ಲೇಡನ್ನು ಕೈಗೆತ್ತಿಕೊಂಡೂ ಆಯಿತು. ಗೋಡೆಯ ಮೇಲೆ ಅನ್ಬಾರ ಚಿತ್ರವಿತ್ತು. ಬಿಳಿ ಗಡ್ಡ, ತುಟಿಯ ಮೇಲೆ ಬೆರಳು. ಎಷ್ಟೋ ವರ್ಷದಿಂದ ಅದು 'ಸುಮ್ಮನಿರು' ಎಂದು ಹೇಳುತ್ತಿದೆ ಎಂದುಕೊಂಡಿದ್ದ. ಈಗ ನೋಡಿದರೆ 'ನಾನು ಯಾರಿಗೂ ಹೇಳೋದಿಲ್ಲ, ಆದರೆ ನೋಡಿದ್ದೀನಿ' ಎನ್ನುವ ಹಾಗಿತ್ತು. ಬಿಸ್ನೂತಿ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಬತ್ತಿಗಳನ್ನು ಹಾಗೇ ಅಮ್ಮನಿಗೆ ಒಪ್ಪಿಸಿಬಿಟ್ಟ.

ಏಳನೆಯ ದಿನದ ಸಂಜೆ ಮನೆ ತುಂಬಿತು. ಮಗುವನ್ನು ಜರಡಿಯಲ್ಲಿ ಮಲಗಿಸಿ ತೂಗಿದರು. ಬಲ್ಸಮ್ ಹಿತ್ತಾಳೆಯ ಕುಟ್ಟಾಣಿಯನ್ನು ಅದರ ಕಿವಿಯ ಹತ್ತಿರ ಹಿಡಿದು ಠಣ್ ಠಣ್ ಎಂದು ಕುಟ್ಟಿದಳು.

"ಅಜ್ಜಿ ಮಾತು ಕೇಳು! ಅಮ್ಮನ ಮಾತು ಕೇಳು! ಅಪ್ಪನ ಮಾತು ಕೇಳ್ಬೇಡ!"

"ಅವನ ಮಾತು ಯಾರು ಕೇಳ್ತಾರೆ ಬಿಡೇ," ಎಂದಳು ಪಕ್ಕದ ಮನೆಯ ಮಹ್ರೂಸಾ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಬಿಸ್ನೂತಿಯೂ ನಕ್ಕ, ಜೇಬಿನಲ್ಲಿ ಬ್ಲೇಡು ತೊಡೆಗೆ ಒತ್ತುತ್ತಿತ್ತು.

ತಟ್ಟೆಯ ನೀರಿನ ನಡುವೆ ಮೂರು ಬತ್ತಿ ನಿಲ್ಲಿಸಿದರು. ಕೆಂಪು ದಾರ ಕಟ್ಟಿದ್ದು ನಾದಿರ್. ಹಸಿರು ದಾರದ್ದು ಘತ್ತಾಸ್, ನಿವೀನಳ ಅಪ್ಪನ ಹೆಸರು. ಬೀಗರ ಮನಸ್ಸು ನೋಯಬಾರದೆಂದು ಇಟ್ಟದ್ದು. ಬಿಳಿ ದಾರದ್ದು ಅನ್ಬಾರದು. ಬಲ್ಸಮ್ ಶಿಲುಬೆಯ ಗುರುತು ಹಾಕಿ, ಮೂರನ್ನೂ ಹಚ್ಚಿ, ಕೈಕಟ್ಟಿ ಕೂತಳು. ಅವಳ ಮುಖದಲ್ಲಿ ಪರೀಕ್ಷೆಗೆ ಮೊದಲೇ ಉತ್ತರ ತಿಳಿದವಳ ನೆಮ್ಮದಿಯಿತ್ತು.

ಬಿಳಿ ದಾರದ ಬತ್ತಿ ಚಟಪಟ ಅಂದಿತು. ಬಲ್ಸಮ್ ಕೈ ಬಿಚ್ಚಿದಳು. ಬತ್ತಿ ಒಮ್ಮೆ ಉಗುಳಿತು, ನೀಲಿಯಾಯಿತು, ಪುಸ್ ಎಂದು ಆರಿಹೋಯಿತು. ಹಚ್ಚಿದ ಕಡ್ಡಿಯ ಹೊಗೆ ಇನ್ನೂ ಮೂಗಿನಲ್ಲಿತ್ತು.

ನಜಾ ಹಲ್ಫಾದ ಚರಿತ್ರೆಯಲ್ಲಿ ಮೊದಲ ಸಲ ಮನೆತುಂಬ ಜನರಿದ್ದೂ ಒಂದು ಮಾತು ಹುಟ್ಟಲಿಲ್ಲ. ಅನ್ಬಾ ತಮ್ಮ ಗ್ರಂಥದಿಂದ ಸಾಧಿಸಲಾಗದ್ದನ್ನು ಬತ್ತಿಯಿಂದ ಸಾಧಿಸಿದ್ದರು.

ಆಮೇಲೆ ಮಹ್ರೂಸಾ ಬಾಯಿಬಿಟ್ಟಳು. "ಅಯ್ಯೋ ನನ್ನವ್ವಾ. ಅನ್ಬಾರು ಬೇಡ ಅಂದ್ಬಿಟ್ರು."

ಹೆಂಗಸರು ಕುಡಿಯುತ್ತಿದ್ದ ಬಾಣಂತಿ ಕಷಾಯದ ಲೋಟಗಳನ್ನು ಅರ್ಧಕ್ಕೇ ಕೆಳಗಿಟ್ಟು, ಕಡಲೆ ಮಿಠಾಯಿಯ ಪೊಟ್ಟಣವನ್ನು ಮಾತ್ರ ಮರೆಯದೆ ಎತ್ತಿಕೊಂಡು ಹೊರಟರು. ನಾದಿರನ ಬತ್ತಿ ಕೊನೆಯವರೆಗೆ ಚೆನ್ನಾಗಿಯೇ ಉರಿಯಿತು. ಅದನ್ನು ನೋಡಲು ಮನೆಯವರಷ್ಟೇ ಉಳಿದಿದ್ದರು.

ಬಿಸ್ನೂತಿ ತಟ್ಟೆಯ ಮುಂದೆ ಕೂತ. ತಾನು ಕತ್ತರಿಸಿಲ್ಲ. ಕತ್ತರಿಸಬೇಕೆಂದುಕೊಂಡದ್ದು ನಿಜ. ಬರೀ ಅಂದುಕೊಂಡದ್ದಕ್ಕೇ ಬತ್ತಿ ಆರುತ್ತದೆಯೇ? ಆರಿದ ಬತ್ತಿಯನ್ನು ಎತ್ತಿ ನೋಡಿದ. ಮೇಲೆಲ್ಲ ಬೂದುಬಣ್ಣದ ಪುಡಿ. ಬೆರಳಿಗೆ ತಾಗಿದ್ದನ್ನು ನಾಲಿಗೆಗಿಟ್ಟ. ಉಪ್ಪು! ಉಪ್ಪಿನಕಾಯಿಗಿಂತ ಹೆಚ್ಚು ಉಪ್ಪು.

"ಅಮ್ಮಾ?"

ಬಲ್ಸಮ್ ಲೋಟಗಳನ್ನು ಜೋಡಿಸುತ್ತಿದ್ದಳು. ತಿರುಗಲಿಲ್ಲ.

"ಇದನ್ನ ಉಪ್ಪುನೀರಲ್ಲಿ ನೆನೆಸಿದ್ಯಾ?"

"ಎಲ್ಲ ಅಜ್ಜಿಯರೂ ನೆನೆಸ್ತಾರೆ," ಎಂದಳು ಬಲ್ಸಮ್ ಗೋಡೆಗೆ. "ನಿಧಾನಕ್ಕೆ ಉರಿಯುತ್ತೆ. ನನ್ನತ್ತೆ ಹೇಳಿಕೊಟ್ಟಿದ್ದು. ಒಂದು ರಾತ್ರಿ ನೆನೆಸಿದ್ರೆ ಸಾಕು ಅಂದಿದ್ಲು. ಆದ್ರೆ ನಿನ್ನ ಹೆಂಡತಿ ಮುಖ ನೋಡಿ ನನಗೆ ಭಯ ಆಯ್ತು ಕಣೋ. ವಾರ ಪೂರ್ತಿ ನೆನೆಸಿಟ್ಟೆ."

"ಹಾಗಾದ್ರೆ ನನ್ನ ಹೆಸರು?"

"ನಿಂದು ಒಂದೇ ರಾತ್ರಿ," ಎಂದಳು ಬಲ್ಸಮ್ ಬಿಗುಮಾನದಿಂದ. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, "ಯಾರಿಗೂ ಹೇಳ್ಬೇಡ. ಒಬ್ಬಳು ಒಪ್ಪಿಕೊಂಡ್ರೆ ಊರಲ್ಲಿ ಒಬ್ಬನಿಗೂ ಹೆಸರು ಉಳಿಯಲ್ಲ."

ಅಲ್ಲಿಗೆ ಬಿಸ್ನೂತಿಗೆ ಬೇಕಾದದ್ದು ಸಿಕ್ಕಿತ್ತು. ಹೆಂಡತಿಗೆ ಕೊಟ್ಟ ಮಾತು ಉಳಿದಿತ್ತು, ಕೈಯೂ ಹೊಲಸಾಗಿರಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಅಂಚೆ ಹಂಚಲು ಹೊರಟರೆ, ಬಾಗಿಲುಗಳು ಅರ್ಧವೇ ತೆರೆಯುತ್ತಿದ್ದವು. ಜನ ತುದಿಬೆರಳಿನಿಂದ ಕಾಗದ ಇಸಿದುಕೊಳ್ಳುತ್ತಿದ್ದರು. ಸತ್ತ ಬಿಸ್ನೂತಿಯೊಬ್ಬನೇ ಕೈಬೀಸಿದ.

"ಹೆದರ್ಬೇಡ ಕಣೋ ಮಗನೇ," ಎಂದ ಮುದುಕ. "ನನ್ನನ್ನಂತೂ ಸರ್ಕಾರವೇ ಬೇಡ ಅಂದಿದೆ. ಬದುಕಿಲ್ವಾ?"

ಊರಿನ ಹೆಂಗಸರು ಬಿಸಿಲುರೊಟ್ಟಿಯ ಹಿಟ್ಟನ್ನು ಮಾಳಿಗೆಯ ಮೇಲೆ ಉಬ್ಬಲು ಇಡುವ ಹೊತ್ತಿಗೆ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಮಾತು ಹರಿಯುತ್ತದೆ. ಆ ದಿನ ಮಹ್ರೂಸಾ, ಕೆಳಗೆ ಅಂಗಳದಲ್ಲಿ ನಿವೀನ್ ಮಗುವಿಗೆ ಬಿಸಿಲು ಕಾಯಿಸುತ್ತ ಕೂತಿದ್ದಾಳೆಂದು ತಿಳಿದೇ ಗಟ್ಟಿಯಾಗಿ ಹೇಳಿದಳು: "ಮಗೂದೇನು ತಪ್ಪು, ಪಾಪ. ಪಟ್ಟಣದ ಹಾಲು. ಅನ್ಬಾರಿಗೆ ವಾಸನೆ ಹತ್ತಿರಬೇಕು."

ಬಿಸ್ನೂತಿ ಮನೆಗೆ ಬಂದಾಗ ನಿವೀನ್ ಬಾಗಿಲಲ್ಲೇ ನಿಂತಿದ್ದಳು.

"ಅವನ ಹೆಸರು ಬಿಸ್ನೂತಿ," ಎಂದಳು.

"ಯಾರ ಹೆಸರು?"

"ನಮ್ಮ ಮಗನ ಹೆಸರು! ಮತ್ಯಾರದು? ಆ ಮಹ್ರೂಸಾಳ ಮಗ, ಮೂಗಲ್ಲಿ ಬೆರಳಿಟ್ಟುಕೊಂಡು ಓಡಾಡೋ ದಡ್ಡ, ಅವನು ಬಿಸ್ನೂತಿ ಆಗಬಹುದು. ನನ್ನ ಮಗ ಆಗ್ಬಾರದಾ? ಅವನಿಗೇನು ಕಡಿಮೆ ಆಗಿರೋದು? ಹೋಗಿ, ಇನ್ನೊಂದು ಬತ್ತಿ ಹಚ್ಚಿಸಿ!"

"ನೀನೇ ತಾನೇ ನಿಶ್ಚಿತಾರ್ಥದ ದಿನ..."

"ಬೇಡ ಅನ್ನೋಳು ನಾನು! ಅವರ್ಯಾರು ಬೇಡ ಅನ್ನೋಕೆ?"

ಬಲ್ಸಮ್ ಒಳಗಿನಿಂದ ಸೊಸೆಯನ್ನು ಮೊದಲ ಸಲ ಪ್ರೀತಿಯಿಂದ ನೋಡಿದಳು. ಬಿಸ್ನೂತಿ ಹೊಸಿಲ ಮೇಲೆಯೇ ಕುಸಿದು ಕೂತ. ಮಗನ ಹೆಸರು ಒಂದು ದಿನವಷ್ಟೇ ಬಾಳಿತ್ತು.

ಅವನು ಚರ್ಚಿನ ಹಿಂದಿನ ಮನೆಗೆ, ಪಾದ್ರಿ ಅಬೂನಾ ಸರಾಬಾಮೂನರ ಬಳಿಗೆ ಹೋದ. ಇನ್ನೊಂದು ಬತ್ತಿ ಹಚ್ಚಲು ಅಪ್ಪಣೆ ಕೇಳಬೇಕು, ಅವರು ಕೊಡಬಾರದು, ಇಷ್ಟು ಅವನ ಪ್ರಾರ್ಥನೆ. ಮಾಂಸ, ಹಾಲು ಮುಟ್ಟದ ಉಪವಾಸದ ದಿನಗಳು, ಅಬೂನಾ ಎಣ್ಣೆ ಹಾಕಿದ ಅವರೆಯಂಥ ಫೂಲ್ ಕಾಳನ್ನು ರೊಟ್ಟಿಯಲ್ಲಿ ಬಳಿದು ತಿನ್ನುತ್ತಿದ್ದರು.

"ಕೂತ್ಕೋ. ತಟ್ಟೆ ಮುಗಿಯೋವರೆಗೂ ನನ್ನಿಂದ ಯಾವ ತೀರ್ಪೂ ಹೊರಡಲ್ಲ."

ಕೂರುವುದಕ್ಕೆ ಅಲ್ಲಿದ್ದದ್ದು ಒಂದು ಪುಸ್ತಕದ ಕಟ್ಟು. ಮಠದವರು 'ನಾಲಿಗೆಯ ಬೀಗ'ವನ್ನು ಅರಬ್ಬಿಗೆ ಇಳಿಸಿ ಅಚ್ಚುಹಾಕಿಸಿ ಕಳಿಸಿದ್ದು. ಕಳೆದ ವರ್ಷ ಅದನ್ನು ಸೈಕಲ್ಲಿನ ಮೇಲೆ ತಂದು ಇಳಿಸಿದವನು ಬಿಸ್ನೂತಿಯೇ. ಒಂದು ಪ್ರತಿಯೂ ಖರ್ಚಾಗಿರಲಿಲ್ಲ. ಒಂದು ಮಾತ್ರ ಬಾಗಿಲು ಬಡಿಯದಂತೆ ಸಂದಿಯಲ್ಲಿ ಸೇವೆ ಸಲ್ಲಿಸುತ್ತಿತ್ತು. ಸುಮ್ಮನೆ ಕೂರಲಾರದೆ ಅವನು ಅದನ್ನು ಎತ್ತಿಕೊಂಡು, ಗಾಬರಿಯಲ್ಲಿ ಕೊನೆಯ ಪುಟದಿಂದ ತೆರೆದ.

ಅಲ್ಲಿ ಹೀಗಿತ್ತು:

'ಇದನ್ನು ನಕಲು ಮಾಡುವ ಸೋದರನೇ, ಇದರ ಮೇಲೆ ನನ್ನ ಹೆಸರು ಬರೆಯಬೇಡ. ನನ್ನ ದೀಪ ಆರಿದ ದಿನ ನನ್ನ ಹೆಸರೂ ಆರಲಿ. ಅದನ್ನು ಹಸುಳೆಗಳ ಕೊರಳಿಗೆ ಕಟ್ಟಬೇಡಿ. ಹೊತ್ತ ನನಗೇ ಅದು ಭಾರವಾಗಿತ್ತು.'

ಅದರ ಕೆಳಗೇ, ಸಣ್ಣ ಅಕ್ಷರಗಳಲ್ಲಿ ನಕಲುಗಾರನ ಮಾತು:

'ಪವಿತ್ರ ಪಿತೃ ಅನ್ಬಾ ಬಿಸ್ನೂತಿಯವರ ಗ್ರಂಥ ಮುಗಿಯಿತು. ನಕಲು ಮಾಡಿದವನು ಪಾಪಿ ಬಿಸ್ನೂತಿ, ಬಿಸ್ನೂತಿಯ ಮಗ, ಇದೇ ಊರಿನವನು.'

ಬಿಸ್ನೂತಿ ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಅವನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಹದಿನಾರು ಶತಮಾನದಿಂದ ಒಬ್ಬ ಮನುಷ್ಯ ಗೋಡೆಯ ಮೇಲಿನಿಂದ ತುಟಿಗೆ ಬೆರಳಿಟ್ಟು ಬೇಡಿಕೊಳ್ಳುತ್ತಿದ್ದಾನೆ. ಬೀದಿಬೀದಿಯಲ್ಲಿ ಜನ ಅವನ ಹೆಸರು ಹಿಡಿದು ಕತ್ತೆಯವನನ್ನೂ ಕ್ಷೌರದವನನ್ನೂ ಕೂಗುತ್ತಿದ್ದಾರೆ. ತಾನೊಬ್ಬನೇ ನೊಂದವನು ಎಂದುಕೊಂಡಿದ್ದನಲ್ಲ!

"ಅಬೂನಾ, ಇದನ್ನ ಓದಿದ್ದೀರಾ?"

"ಬಾಗಿಲಿಗೆ ಇಟ್ಟಿದ್ದಲ್ಲವಾ ಅದು? ಮೊದಲನೇ ಪುಟ ಓದಿದೆ. ಸುಮ್ಮನಿರು ಅಂತ ಬರೆದಿದ್ರು. ಸುಮ್ಮನಾದೆ." ಅಬೂನಾ ಬೆರಳು ಒರೆಸಿಕೊಂಡು ಕೊನೆಯ ಪುಟ ಓದಿದರು. ಹುಬ್ಬು ಮೇಲೇರಿತು. "ಏಯ್. ನಿನ್ನ ಮನೆ ಬತ್ತಿ ತಾನಾಗೇ ಆರ್ತಾ?"

ಉಪ್ಪಿನ ಮಾತು ಬಿಸ್ನೂತಿಯ ಹಲ್ಲಿನವರೆಗೆ ಬಂತು. ಅಮ್ಮನ ಒದ್ದೆ ಮೂಗು ನೆನಪಾಯಿತು. ಜೀವನದಲ್ಲಿ ಮೊದಲ ಸಲ ಅವನು ಅನ್ಬಾರ ಗ್ರಂಥದಂತೆ ನಡೆದುಕೊಂಡ: ಬಾಯಿ ಮುಚ್ಚಿಕೊಂಡ. ಅಬೂನಾ ಆ ಮೌನವನ್ನು ಭಕ್ತಿ ಎಂದು ತಿಳಿದರು.

ಭಾನುವಾರ ಪೂಜೆಯ ಕೊನೆಯಲ್ಲಿ ಅಬೂನಾ ಆ ಪುಟವನ್ನು ಓದಿದರು. ದೀಪ ಆರಿದ ದಿನ ಹೆಸರೂ ಆರಲಿ ಎಂಬಲ್ಲಿಗೆ ಬಂದಾಗ ಹೆಂಗಸರ ಸಾಲಿನಿಂದ ಬಲ್ಸಮ್ ಎದ್ದು ನಿಂತಳು.

"ಕೇಳಿದಿರಾ? ಕೇಳಿದೆಯೇನೇ ಮಹ್ರೂಸಾ? ಅವರೇ ಬಂದು ಊದಿದ್ದು! ನಮ್ಮ ಮನೆಗೆ ಬಂದು, ನಮ್ಮ ತಟ್ಟೆ ಮುಂದೆ ಬಗ್ಗಿ, ಉಫ್ ಅಂತ!" ತಾನೇ ನೆನೆಸಿಟ್ಟ ಉಪ್ಪು ಅವಳ ನೆನಪಿನಿಂದ ಅಷ್ಟು ಹೊತ್ತಿಗೆ ಪೂರ್ತಿ ಕರಗಿಹೋಗಿತ್ತು. "ನನ್ನ ಕೆನ್ನೆಗೆ ಅವರ ಗಡ್ಡ ತಾಗಿತು. ಆವತ್ತೇ ಅನ್ನಿಸಿತ್ತು."

ಚರ್ಚು ಗುಜುಗುಜು ಎಂದಿತು. ಮಹ್ರೂಸಾ ಬಿಳಿಚಿಕೊಂಡಳು. "ಹಾಗಾದ್ರೆ ನಮ್ಮ ಮನೆಗೆ ಬರಲೇ ಇಲ್ವಾ? ನಮ್ಮ ಬತ್ತಿ ಕೊನೇವರೆಗೂ ಉರೀತಲ್ಲ!"

"ಯಾಕೆ ಬರ್ತಾರೆ?" ಎಂದಳು ನಿವೀನ್, ಮಗುವನ್ನು ಎದೆಗೆ ಒತ್ತಿಕೊಂಡು. "ವಾಸನೆ ಹತ್ತಿರಬೇಕು."

ಬಿಸ್ನೂತಿ ಗಂಡಸರ ಸಾಲಿನಲ್ಲಿ ಕೂತಿದ್ದ. ಈಗಲಾದರೂ ಊರಿಗೆ ಅರ್ಥವಾಗಬಹುದು, ಅನ್ಬಾರ ಹೆಸರನ್ನು ಇನ್ನು ಬಿಟ್ಟುಬಿಡಬಹುದು ಎಂದು ಅವನಿಗೆ ಆಸೆ. ಕತ್ತೆ ಬಿಸ್ನೂತಿ ಕಣ್ಣೊರೆಸಿಕೊಳ್ಳುತ್ತ ಅವನ ಕಡೆ ವಾಲಿದ.

"ಎಂಥ ವಿನಯ ನೋಡು! ಹೆಸರೇ ಬೇಡ ಅಂದ್ರಂತೆ. ಅಂಥವರ ಹೆಸರನ್ನ ಇಡದೆ ಇರೋಕಾಗುತ್ತಾ? ನನ್ನ ಎರಡನೇ ಮಗನಿಗೂ ಇಟ್ಟುಬಿಡ್ತೀನಿ."

ಆದರೂ ಬಿಸ್ನೂತಿ ಗೆದ್ದ ಎನ್ನಬೇಕು. ಅನ್ಬಾರೇ ಊದಿದ ಮೇಲೆ ಇನ್ನೊಂದು ಬತ್ತಿ ಹಚ್ಚುವವರು ಯಾರು? ನಿವೀನಳ ಕೋಪವೂ ಇಳಿದಿತ್ತು. ತನ್ನ ಮಗನಿಗೆ ಸಿಕ್ಕ ಮರ್ಯಾದೆ ಊರಿನ ಯಾವ ಬಿಸ್ನೂತಿಗೂ ಸಿಕ್ಕಿರಲಿಲ್ಲ. ನಲವತ್ತನೆಯ ದಿನ ದೀಕ್ಷಾಸ್ನಾನಕ್ಕೆ ಅಬೂನಾ ಮಗುವನ್ನು ನೀರಿನಲ್ಲಿ ಮುಳುಗಿಸಿ ಎತ್ತುವಾಗ, ಅಪ್ಪ ಗಟ್ಟಿಯಾಗಿ 'ನಾದಿರ್' ಎಂದ. ಸರ್ಕಾರದ ಪುಸ್ತಕಕ್ಕೂ ನಾದಿರ್ ಎಂದೇ ಬರೆಸಿದ. ಗುಮಾಸ್ತ 'ನಾದಿರ್ ಬಿಸ್ನೂತಿ ಬಿಸ್ನೂತಿ' ಎಂದು ಓದಿ, "ರಿಪೇರಿ ಆಯ್ತಾ ಯಂತ್ರ?" ಎಂದ.

ಊರಿನಲ್ಲಿ ಮಾತ್ರ ಮಗುವಿಗೆ ಒಂದು ಗುರುತು ಬೇಕಿತ್ತು. ನಾದಿರ್ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. 'ಬಿಸ್ನೂತಿ ಊದಿದ ಮಗು' ಎಂದರೆ ಕಾಲುವೆಯಾಚೆಯವರಿಗೂ ತಿಳಿಯುತ್ತಿತ್ತು. ಜನ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಂದರು. ಬಸುರಿಯರು ಅದರ ಕೈಯಿಂದ ತಮ್ಮ ಮನೆಯ ಬತ್ತಿ ಮುಟ್ಟಿಸಿಕೊಂಡು ಹೋದರು. ಊರಿನ ಅಂಗಡಿಯಲ್ಲಿ ಉಪ್ಪಿನ ವ್ಯಾಪಾರ ಯಾಕೋ ಏರಿತು. ಬಲ್ಸಮ್ ಒಬ್ಬಿಬ್ಬರು ಗೆಳತಿಯರ ಕಿವಿಯಲ್ಲಿ ಎಷ್ಟು ರಾತ್ರಿಯ ಲೆಕ್ಕ ಹೇಳಿದ್ದಳೋ. ಊದಿದ ಮಗು ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಯಾರಿಗಿದೆ? ಕೊನೆಯ ಎರಡು ಮಾತು ನಿಧಾನವಾಗಿ ಉದುರಿಹೋದವು. ಮೊದಲನೆಯದು ಉಳಿಯಿತು.

ಮಗುವಿಗೆ ತಲೆ ನಿಂತು, ಕತ್ತು ತಿರುಗಿಸುವಷ್ಟಾದಾಗ, ಒಂದು ಸಂಜೆ ಬಿಸ್ನೂತಿ ಅದನ್ನು ಹೆಗಲಿಗೇರಿಸಿಕೊಂಡು ಕಾಫಿ ಅಂಗಡಿಯ ಮುಂದೆ ನಿಂತಿದ್ದ.

"ನಾದಿರ್," ಎಂದು ಮೆಲ್ಲಗೆ ಕರೆದ. ಮಗು ನೊಣ ನೋಡುತ್ತಿತ್ತು. "ನಾದಿರ್, ಮಗನೇ, ಇಲ್ಲಿ ನೋಡು." ನೊಣ ಹಾರಿತು. ಮಗು ಹಾರಿದ ಜಾಗ ನೋಡಿತು.

ಆಗ ಮಾಳಿಗೆಯ ಮೇಲಿಂದ ನಿವೀನಳ ದನಿ ಬಂತು: "ಬಿಸ್ನೂತೀ!"

ಕ್ಷೌರದ ಬಿಸ್ನೂತಿ ಕತ್ತಿ ಹಿಡಿದುಕೊಂಡೇ ಹೊರಗೆ ಬಂದ. ಕತ್ತೆ ಬಿಸ್ನೂತಿ ಕತ್ತೆ ನಿಲ್ಲಿಸಿದ. ಸತ್ತ ಬಿಸ್ನೂತಿ ಕೈಬೀಸಿದ. ಹೆಗಲ ಮೇಲಿನ ಮಗು ಇಡೀ ಮೈ ತಿರುಗಿಸಿ, ಬೊಚ್ಚುಬಾಯಿ ಅಗಲಿಸಿ ನಕ್ಕಿತು.

"ಬಂದೆ ಕಣೇ," ಎಂದ ಅಂಚೆ ಬಿಸ್ನೂತಿ.

"ನಿಮ್ಮನ್ನಲ್ಲ!" ಎಂದಳು ನಿವೀನ್. "ಅವನನ್ನ. ಹಾಲಿನ ಹೊತ್ತಾಯ್ತು."